ಬಿಹೋಗೋಳ ಬಣ್ಣ

ನುವಗಾಬನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಹಸುವಿನ ಕೊಂಬು. ಹೆಂಡತಿ ಕ್ಯಾರಿಸೀಮ ಕಂಪಾಲಾದಿಂದ ಫೋನು ಮಾಡಿದಾಗಲೆಲ್ಲ, "ನನ್ನ ಬಿಹೋಗೋನ ಒಂದ್ಸಲ ತೋರಿಸ್ರೀ," ಎನ್ನುತ್ತಿದ್ದಳು. ಪಕ್ಕದ ಮನೆಯ ಕರುಹಾಂಗ ಅಜ್ಜನ ಫೋನಿನಲ್ಲಿ ಹಸುವಿನ ಮುಖ ಹಿಡಿಸಿದರೆ ಮಾರುದ್ದದ ಕೊಂಬು ಹಿಡಿಸುತ್ತಿರಲಿಲ್ಲ. ಕೊಂಬು ಹಿಡಿಸುವಷ್ಟು ದೂರ ಹೋದರೆ ಹಸು ಇರುವೆಯಷ್ಟೇ ಕಾಣುತ್ತಿತ್ತು. ಕೊನೆಗೆ ನುವಗಾಬ ಹತ್ತಿರದ ಎಂಬರಾರ ಪೇಟೆಯಲ್ಲಿ ಮದುವೆ ಫೋಟೋ ತೆಗೆಯುವವನಿಗೆ ಒಂದು ಟಗರು ಕೊಟ್ಟು ಕ್ಯಾಮೆರಾ ತಂದ, ಹೆಂಡತಿಗೂ ಸುದ್ದಿ ಮುಟ್ಟಿಸಿದ.

ಕ್ಯಾರಿಸೀಮ ಹಾಸ್ಟೆಲ್ಲೊಂದರ ಅಡುಗೆ ಕೆಲಸಕ್ಕೆ ಸೇರಿ ಎರಡು ಮಳೆಗಾಲ ಕಳೆದಿತ್ತು. ಪ್ರತಿ ರಜೆಗೂ 'ಮುಂದಿನ ಸಲ ಬರ್ತೀನಿ' ಎಂಬ ಮಾತು. ಅವಳಿಲ್ಲದ ಮನೆಯಲ್ಲಿ ನುವಗಾಬನಿಗೆ ಹಾಲು ಕೂಡ ಸಪ್ಪೆ. ಅವಳನ್ನು ನೋಡಬೇಕೆಂಬ ಆಸೆ ಹಲ್ಲುನೋವಿನಂತೆ ಬಿಟ್ಟೂ ಬಿಡದೆ ಕಾಡುತ್ತಿತ್ತು. ಹಸುವನ್ನು ನೋಡಿದರೆ ಮನೆ ನೆನಪಾದೀತು, ಮನೆ ನೆನಪಾದರೆ ಗಂಡನೂ ನೆನಪಾದಾನು, ಆಮೇಲೆ ಬಸ್ಸು ಹತ್ತಿಯೇ ಹತ್ತುತ್ತಾಳೆ ಎಂಬುದು ಅವನ ಲೆಕ್ಕಾಚಾರ.

ಬೆಳಿಗ್ಗೆ ಕೈ ಪಳಗಲೆಂದು ಮೊದಲು ಕೋಳಿಯ ಚಿತ್ರ ತೆಗೆದ. ಬೇಲಿ ಬಂತು, ಕೋಳಿ ಬರಲಿಲ್ಲ. ಆಡು ಹತ್ತಿರ ಬಂದು ಕ್ಯಾಮೆರಾದ ಪಟ್ಟಿಯನ್ನೇ ಅಗಿಯಿತು. ಎಲ್ಲ ಚಿತ್ರಗಳ ಮೂಲೆಯಲ್ಲೂ ಅವನ ಹೆಬ್ಬೆರಳು ಮಾತ್ರ ತಪ್ಪದೆ ಹಾಜರಿತ್ತು. ಇನ್ನು ಬಿಹೋಗೋ, ಅವನು ಎದುರಿಗೆ ಹೋದಾಗಲೆಲ್ಲ ಬೆನ್ನು ತಿರುಗಿಸಿದಳು.

"ಹೊಗಳಿದ್ರೆ ನಿಲ್ಲುತ್ತೆ ಕಣೋ," ಎನ್ನುತ್ತ ಕರುಹಾಂಗ ಅಜ್ಜ ಬೇಲಿ ದಾಟಿ ಬಂದ. "ಹೆಂಡ್ತೀನ ಹೊಗಳಿದ್ದಿದ್ರೆ ಅವಳೂ ನಿಲ್ತಿದ್ಲು."

ಅಜ್ಜ ಕೋಲು ಎತ್ತಿ ಹಿಡಿದು, ಒಂದೇ ಉಸಿರಿನಲ್ಲಿ ಬಿಹೋಗೋಳ ಅಜ್ಜಿಯಿಂದ ಹಿಡಿದು ಹೊಗಳಿಕೆಯ ಹಾಡು ಶುರುಮಾಡಿದ. ಹಸು ನಿಂತಿತು. ಆದರೆ ಹಾಡು ನಡುದಾರಿಯಲ್ಲಿ ಅಜ್ಜನ ಸ್ವಂತ ಹಸುಗಳ ಕಡೆ ಹೊರಳಿದ್ದೇ ತಡ, ಬಿಹೋಗೋ ಬೇಜಾರಾಗಿ ಮಲಗಿಬಿಟ್ಟಳು.

ಅಷ್ಟರಲ್ಲಿ ಎದುರು ಮನೆಯ ಕೊಬುಸಿಂಗೆ ತುಪ್ಪದ ಬಟ್ಟಲು ಹಿಡಿದು ಬಂದಳು. "ಈ ಕೊಳಕು ಮೈಯಲ್ಲಿ ಕಂಪಾಲಾಗೆ ಹೋಗ್ತಾಳಾ ಇವಳು? ಹಿಡ್ಕೊ ಇದನ್ನ!" ಎಂದು ಬಟ್ಟಲನ್ನು ನುವಗಾಬನ ಕೈಗೆ ತುರುಕಿ, ಕೊಂಬಿಗೂ ಮೈಗೂ ತುಪ್ಪ ತಿಕ್ಕಿದಳು. ಹಸು ಎದ್ದು ಮಿರಮಿರ ಮಿಂಚಿತು. ನುವಗಾಬ ಆತುರದಲ್ಲಿ ಬಟ್ಟಲು ಕೆಳಗಿಟ್ಟು ಕ್ಯಾಮೆರಾ ಎತ್ತಿದ. ತುಪ್ಪದ ಬೆರಳು ಜಾರಿ ಅದರ ಯಾವುದೋ ಚಕ್ರ 'ಕಿಟ್' ಎಂದು ತಿರುಗಿತು.

ಚಿತ್ರ ಬಂತು. ಎರಡೂ ಕೊಂಬು ಪೂರ್ತಿ ಬಂದಿದ್ದವು, ಹೆಬ್ಬೆರಳು ಇರಲಿಲ್ಲ. ಆದರೆ ಕಡುಗೆಂಪು ಹಸು ಬೂದಿ ಬಣ್ಣವಾಗಿತ್ತು.

"ಬಣ್ಣ ಎಲ್ಲೋಯ್ತಜ್ಜಾ?"

"ಬಣ್ಣ ಭಾರ ಅಲ್ವೇನೋ? ಮೊದಲು ಚಿತ್ರ ಹೋಗುತ್ತೆ. ಬಣ್ಣ ಹಿಂದಿಂದ ಹೋಗಿ ಸೇರ್ಕೊಳ್ಳುತ್ತೆ," ಎಂದ ಅಜ್ಜ, ಕ್ಯಾಮೆರಾದ ಕಾರ್ಡು ತೆಗೆದು ತನ್ನ ಫೋನಿಗೆ ಹಾಕಿ ಚಿತ್ರ ಕಳಿಸಿಯೇಬಿಟ್ಟ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಅಜ್ಜ ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ ನುವಗಾಬನ ಕೈಗೆ ಕೊಟ್ಟ.

"ಇದ್ಯಾರ ಹಸು ರೀ?" ಕ್ಯಾರಿಸೀಮಳ ದನಿ.

"ನಿಂದೇ ಕಣೇ. ಬಿಹೋಗೋ."

"ಬಿಹೋಗೋ ಅಂದ್ರೇನೇ ಕೆಂಪು! ಬಣ್ಣ ನೋಡಿ ಇಟ್ಟ ಹೆಸರು ಅದು. ಇದು ಬೂದೀಲಿ ಹೊರಳಿದಂಗಿದೆ. ನಮ್ಮಪ್ಪ ಮದುವೇಲಿ ಕೊಟ್ಟ ಹಸು ಮಾರಿ ಕ್ಯಾಮೆರಾ ತಗೊಂಡ್ರಾ? ನಾಳೆ ಮೊದಲ ಬಸ್ಸಿಗೇ ಹೊರಟೆ. ಬಂದು ವಿಚಾರಿಸ್ಕೋತೀನಿ!"

ನಾಳೆ! 'ಇಲ್ಲ ಕಣೇ' ಎನ್ನಲು ತೆರೆದ ನುವಗಾಬನ ಬಾಯಿ ಹಾಗೇ ನಿಂತಿತು. ಎರಡು ಮಳೆಗಾಲ ಗೋಗರೆದರೂ ಆಗದ್ದು ಒಂದು ಬೂದಿ ಹಸುವಿನಿಂದ ಆಗುತ್ತಿದೆ. ಬೈಯಲಿ, ಕೋಲು ತಗೊಳ್ಳಲಿ, ಬಂದರೆ ಸಾಕು. ಅವಳು ಮುಖ ಊದಿಸಿಕೊಂಡು ಬಸ್ಸಿಳಿಯುವುದು ಅವನ ಕಣ್ಣಿಗೆ ಕಟ್ಟಿತು.

"ಹೂಂ ಕಣೇ, ಮಾರಿಬಿಟ್ಟೆ," ಎಂದ. "ಬಾ. ಬಂದು ಎಷ್ಟು ಬೇಕೋ ಅಷ್ಟು ಬೈಯಿ."

ತಾನು ಇಷ್ಟು ಹೊತ್ತು ಹೊಗಳಿದ ಹಸುವನ್ನು ಇವನು ಮಾರಿದೆನೆನ್ನುತ್ತಾನೆಯೇ! ಅಜ್ಜ ಅವಮಾನದಿಂದ ಫೋನು ಕಿತ್ತುಕೊಂಡ. "ಸುಳ್ಳು ಕಣಮ್ಮಾ! ನಿನ್ನ ಹಸು ಇಲ್ಲೇ ನನ್ನ ಮುಂದೆ ನಿಂತಿದೆ. ಬೇಕಾದ್ರೆ ಕೇಳಿಸ್ಕೋ!" ಎಂದು ಫೋನನ್ನು ಹಸುವಿನ ಬಾಯಿಗೆ ಹಿಡಿದ.

ಬೆಳಗಿನಿಂದ ಯಾರ ಮಾತೂ ಕೇಳದ ಬಿಹೋಗೋ ಆಗ ಮಾತ್ರ "ಅಂಬಾ" ಎಂದಳು.

"ಅಯ್ಯೋ ನನ್ನ ಬಂಗಾರ! ಅವಳದೇ ದನಿ!" ಅತ್ತಲಿಂದ ಅಳು, ನಗು ಎರಡೂ ಕೇಳಿಸಿದವು. "ಸದ್ಯ, ಬಸ್ಸಿನ ಖರ್ಚು ಉಳೀತು. ಮುಂದಿನ ರಜೆಗೆ ಬರ್ತೀನಿ ರೀ. ಬಣ್ಣದ್ದೊಂದು ಕಳಿಸಿ."

ಕೊಬುಸಿಂಗೆ ಕ್ಯಾಮೆರಾ ಒರೆಸಿ ಆ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಕೊಟ್ಟಳು. ನುವಗಾಬ ಒಲ್ಲದ ಮನಸ್ಸಿನಿಂದ ಇನ್ನೊಂದು ಚಿತ್ರ ತೆಗೆದ. ಬಣ್ಣ ಬಂತು. ಮೂಲೆಯಲ್ಲಿ ಹೆಬ್ಬೆರಳೂ ಬಂತು.

"ಬೇರೆ ತೆಗಿಯೋ," ಎಂದ ಅಜ್ಜ.

"ಇರ್ಲಿ ಬಿಡಜ್ಜ. ನಂದೂ ಒಂಚೂರು ಅವಳ ಹತ್ರ ಇರ್ಲಿ."

ಚಿತ್ರ ಹೋಯಿತು. ಸಂಜೆ ಹಾಲು ಕರೆಯುವ ಹೊತ್ತಿಗೆ ಕ್ಯಾರಿಸೀಮಳ ಫೋನು ಬಂತು.

"ಬಿಹೋಗೋ ಎಷ್ಟು ಚೆನ್ನಾಗಿ ಬಂದಿದಾಳೆ ರೀ! ಮೂಲೇಲಿ ಒಂದು ಬಾಳೆಹಣ್ಣು ಅಡ್ಡ ಬಂದಿದೆ, ಮುಂದಿನ ಸಲ ಅದನ್ನ ಆಚೆ ಇಡಿ."