ಡೆಲ್ಬರ್ಟನ ಅಚ್ಚಿನಲ್ಲಿ ಸಿಕ್ಕಿದ ತೋಟಾ

ಜಿಂಕೆ ಬೇಟೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಡೆಲ್ಬರ್ಟ್ ನಿಸ್ಕಲ ಒಂದೇ ಒಂದು ಹಿತ್ತಾಳೆ ಕೊಳವೆಗೆ ಗ್ರೀಸು ಸವರುವುದನ್ನು ಮರೆತ. ಅವನು ಮಾಡಿದ ತಪ್ಪು ಅಷ್ಟೇ.

ಅಮೆರಿಕದ ಉತ್ತರ ಮಿಶಿಗನ್ನಿನ ಹಳೆಯ ಗಣಿ ಊರಿನಲ್ಲಿ ಅವನದೊಂದು ಕ್ಷೌರದಂಗಡಿ. ನವೆಂಬರಿನಲ್ಲಿ ಗಂಡಸರೆಲ್ಲ ಬೇಟೆಗೆಂದು ಗಡ್ಡ ಬಿಡುವುದರಿಂದ ಅಂಗಡಿ ಮದುವೆ ಮುಗಿದ ಚಪ್ಪರದ ಹಾಗೆ ಬಣಗುಟ್ಟುತ್ತಿತ್ತು. ಸರಿ, ಕನ್ನಡಿಯ ಮುಂದಿನ ಹಲಗೆಗೆ ಕೊಳವೆ ಒತ್ತುವ ಕೈ ಪ್ರೆಸ್ಸು ಬಿಗಿದುಕೊಂಡು ತೋಟಾ ಕಟ್ಟಲು ಕೂತಿದ್ದ. ಒಮ್ಮೆ ಹೊಡೆದ ತೋಟಾದ ಕೊಳವೆ ಉಬ್ಬಿಕೊಂಡಿರುತ್ತದೆ. ಅದಕ್ಕೆ ಗ್ರೀಸು ಸವರಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ತೆಗೆದರೆ ಮತ್ತೆ ಅಳತೆಗೆ ಬರುತ್ತದೆ. ಆಮೇಲೆ ಹೊಸ ಕೇಪು, ಮದ್ದು, ಗುಂಡು.

ಇದೆಲ್ಲ ಮಾವ ಉರ್ಹೊ ಪೆಲ್ಕೊನೆನ್‌ನ ಸಲುವಾಗಿ. ಕಾಡಿನೊಳಗಿನ ಬೇಟೆ ಕ್ಯಾಂಪಿಗೆ ಆತನೇ ಯಜಮಾನ. ಮದುವೆಯಾಗಿ ಇಷ್ಟು ವರ್ಷವಾದರೂ ಅಳಿಯನನ್ನು ಒಮ್ಮೆಯೂ ಕರೆದಿರಲಿಲ್ಲ. ಈ ಸಲ ಮಗಳು ಲೋರ್ನಾ ಬೆನ್ನು ಬಿದ್ದ ಮೇಲೆ ಒಂದು ಮಾತು ಹೇಳಿದ್ದ: "ಬರ್ಲಿ. ಆದ್ರೆ ನಮ್ ಕ್ಯಾಂಪಲ್ಲಿ ಅಂಗಡಿ ತೋಟಾ ನಡೆಯಲ್ಲ. ತನ್ನ ಕೈಯಾರೆ ಕಟ್ಟಿದ ತೋಟಾ ತರೋನೇ ಗಂಡಸು."

ಕೈ ಕೂರಲೆಂದು ಮೊದಲು ಒತ್ತಿದ, ಬಿರುಕುಬಿಟ್ಟು ಕೆಲಸಕ್ಕೆ ಬಾರದ ನಾಲ್ಕು ಕೊಳವೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಒಳಹೋಗಿ ಹೊರಬಂದವು. ಆಗ ಹಾರ್ಡ್‌ವೇರ್ ಅಂಗಡಿಯ ಕ್ಲೆಮ್ ಟ್ರೆವಾರೊ ಬಾಗಿಲಲ್ಲಿ ತಲೆ ಹಾಕಿದ.

"ಏನಪ್ಪಾ ಡೆಲ್ಬರ್ಟ್, ಕತ್ತರಿ ಬಿಟ್ಟು ಬಂದೂಕು ಹಿಡಿದ್ಯಾ?"

"ನಿಮ್ ಗಡ್ಡದ ಮೇಲೆ ಕತ್ತರಿ ಆಡ್ಸೋಕೆ ನೀವು ಬಿಡ್ಬೇಕಲ್ಲ" ಎಂದು ಡೆಲ್ಬರ್ಟ್ ಆ ಕಡೆ ತಿರುಗಿ ನಗುತ್ತ ಹಿಡಿಕೆ ಒತ್ತಿದ. ಕೊಳವೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಲವಾಗಿ ಎಳೆದ. ಟಪ್ ಎಂದು ಕೊಳವೆಯ ಬುಡದ ಅಂಚು ಹರಿದು ಬಂತು. ಕೊಳವೆ ಮಾತ್ರ ಅಚ್ಚಿನೊಳಗೆ ಸಾಲಗಾರನ ಹಾಗೆ ಅವಿತು ಕೂತಿತು.

"ಸಿಕ್ಹಾಕ್ಕೊಳ್ತಾ?" ಕ್ಲೆಮ್ ಬಾಗಿಲು ಹಾಕಿಕೊಂಡು ಒಳಗೇ ಬಂದುಬಿಟ್ಟ. "ಗ್ರೀಸು ಹಚ್ಚಿರ್ಲಿಲ್ವಾ? ಅಯ್ಯೋ, ಎಳೇ ಮಗು ಕೂಡ ಇಂಥ ತಪ್ಪು ಮಾಡಲ್ಲ."

ಅವನ ಹೊಟ್ಟೆಯೊಳಗೆ ಆ ಸುದ್ದಿ ಕಾಲು ಗಂಟೆ ನಿಲ್ಲಲಿಲ್ಲ. ಬೇಕರಿಯ ಆಲ್ದೊ ಬರ್ತುಚ್ಚಿ ಮೈದಾ ಮೆತ್ತಿದ ಕೈಯಲ್ಲೇ ಓಡಿಬಂದ. ಹಿಂದೆಯೇ ಪಾದ್ರಿ ಹಾಲ್ಮ್‌ಗ್ರೆನ್. ಮೂವರೂ ಮಾವನ ಕ್ಯಾಂಪಿನವರೇ. ಎಲ್ಲರೂ ಅಚ್ಚನ್ನು ಕೈಯಿಂದ ಕೈಗೆ ದಾಟಿಸಿ, ಬಾಣಂತಿ ಮನೆಗೆ ಬಂದವರು ಮಗು ನೋಡುವ ಹಾಗೆ ನೋಡಿದರು.

"ಫ್ರೀಜರಲ್ಲಿ ಇಡು" ಎಂದರು ಪಾದ್ರಿಗಳು. "ತಣ್ಣಗಾದ್ರೆ ಹಿತ್ತಾಳೆ ಕುಗ್ಗುತ್ತೆ."

"ನೀವು ಮಾಡಿ ನೋಡಿದ್ದೀರಾ?"

"ನಾನ್ಯಾಕಪ್ಪಾ ಮಾಡ್ಲಿ? ನನ್ನದೇನು ಸಿಕ್ಕಿದ್ಯಾ?" ಪಾದ್ರಿಗಳು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಫ್ರೀಜರಿನಿಂದ ತೆಗೆದಾಗ ಅಚ್ಚು ಅಂಗೈಗೆ ಅಂಟಿ, ಡೆಲ್ಬರ್ಟನ ಚರ್ಮ ಸ್ವಲ್ಪ ಕಿತ್ತುಬಂತು. ಕೊಳವೆ ಬರಲಿಲ್ಲ. ಆಲ್ದೊ ಅದನ್ನು ಎತ್ತಿಕೊಂಡು ಹೋಗಿ ಬ್ರೆಡ್ಡಿನ ಜೊತೆ ಒಲೆಯಲ್ಲಿಟ್ಟ. ಬ್ರೆಡ್ಡು ಚೆನ್ನಾಗಿ ಬೆಂದಿತು. ಕ್ಲೆಮ್ ಸಲಾಕೆ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಮೂರನೇ ಏಟಿಗೆ ಹಲಗೆ ಅದುರಿ, ಗೋಡೆಯ ಕನ್ನಡಿ ಮೇಲಿನಿಂದ ಕೆಳಗಿನವರೆಗೆ ಸೀಳಿತು.

"ಇನ್ನೊಂದ್ ಏಟು ಹೊಡೀಲಾ?"

"ಬೇಡ ಕ್ಲೆಮ್, ಅಚ್ಚೇ ಒಡೆದ್ಹೋಗುತ್ತೆ."

"ಹೋದ್ರೆ ಹೋಗ್ಲಿ. ನಿಂದೇ ತಾನೆ. ಏನಾಗುತ್ತೆ ಅಂತ ಗೊತ್ತಾಗ್ಬೇಕಲ್ವಾ?"

ಡೆಲ್ಬರ್ಟನಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಊಟ ತಂದ ಲೋರ್ನಾ ಸೀಳಿದ ಕನ್ನಡಿ ನೋಡಿದಳು, ಗಂಡನ ಮುಖ ನೋಡಿದಳು, ಅಚ್ಚನ್ನು ತಿರುಗಿಸಿ ನೋಡಿದಳು.

"ವೈನ್ ಬಾಟ್ಲಿಗೆ ಬಿರಡೆ ಸಿಕ್ಕೊಂಡ್ರೆ ಏನ್ ಮಾಡ್ತೀರಾ? ಸುತ್ತಿಗೇಲಿ ಹೊಡೀತೀರಾ? ಸ್ಕ್ರೂ ಇಳಿಸಿ ಮೇಲಕ್ಕೆ ಎಳೀತೀರಲ್ವಾ?"

ಮೂವರೂ ಮುಖ ಮುಖ ನೋಡಿಕೊಂಡರು. ಕ್ಲೆಮ್ ಅಂಗಡಿಗೆ ಓಡಿ ಡ್ರಿಲ್ಲು ತಂದ. ಡೆಲ್ಬರ್ಟ್ ಕೊಳವೆಯ ಬುಡಕ್ಕೆ ತೂತು ಕೊರೆದು, ಆ ತೂತಿನೊಳಗೆ ಬೋಲ್ಟು ಹಿಡಿಯುವಂತೆ ಥ್ರೆಡ್ಡು ಕಡೆದು, ಅಚ್ಚಿನ ಬಾಯಿಗೆ ದಪ್ಪ ವಾಷರುಗಳನ್ನು ಪೇರಿಸಿ, ಬೋಲ್ಟು ಇಳಿಸಿ, ಸ್ಪ್ಯಾನರಿನಲ್ಲಿ ಮೆಲ್ಲಗೆ ತಿರುಗಿಸುತ್ತ ಬಂದ. ಕ್ಷೌರ ಮಾಡಿ ಪಳಗಿದ ಕೈ ಅದು. ಕೀಂಯ್ ಎಂದು ಕೊಳವೆ ಹೊರಬಂತು. ಅಚ್ಚಿನೊಳಗೆ ಒಂದು ಗೀರೂ ಇಲ್ಲ.

ಮೂವರೂ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೂವರಿಗೂ ಒಮ್ಮೆಲೇ ಮನೆಯ ಕೆಲಸ ನೆನಪಾಗಿ ಹೊರಟುಹೋದರು.

ಲೋರ್ನಾಳೂ ಮನೆಗೆ ಹೋದ ಮೇಲೆ ಡೆಲ್ಬರ್ಟ್ ನಿರಾಳವಾಗಿ ಗ್ರೀಸಿನ ಡಬ್ಬಿ ತೆಗೆದ. ಊರಲ್ಲಿ ಉಳಿದಿದ್ದ ಕೊನೆಯ ಡಬ್ಬಿ ಅದು. ಹಿತ್ತಲ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ಪಾದ್ರಿಗಳು. ಕೋಟಿನೊಳಗಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಅದರೊಳಗೆ ಒಂದು ಅಚ್ಚು, ಅಚ್ಚಿನೊಳಗೊಂದು ಕೊಳವೆ.

"ಪಾದ್ರಿಗಳೇ, ಇದು..."

"ಯಾರಿಗೂ ಹೇಳ್ಬೇಡ ಮಗು. ಕ್ಯಾಂಪಲ್ಲಿ ಮರ್ಯಾದೆ ಪ್ರಶ್ನೆ. ಇಷ್ಟು ವರ್ಷ ನದಿ ಆಚೆ ಊರಿಂದ ತೋಟಾ ಕೊಂಡು ತಂದು ಹಳೇ ಪೆಟ್ಟಿಗೇಲಿ ತುಂಬಿಸ್ಕೊಂಡು ಹೋಗ್ತಿದ್ದೆ. ಈ ವರ್ಷ ಯಾವ ಅಂಗಡೀಲೂ ತೋಟಾನೇ ಇಲ್ಲ."

ಡೆಲ್ಬರ್ಟ್ ಬಿಡಿಸಿಕೊಟ್ಟ. ಹೋಗುವಾಗ ಪಾದ್ರಿಗಳು, "ಒಂಚೂರು ಗ್ರೀಸು" ಎಂದು ಡಬ್ಬಿಗೆ ಬೆರಳು ಹಾಕಿದರು. ಒಂದಲ್ಲ, ಮೂರು ಬೆರಳು.

ಅವರು ತಿರುವು ದಾಟುವ ಮೊದಲೇ ಆಲ್ದೊ ಬಂದ, ಬ್ರೆಡ್ಡಿನ ಚೀಲದೊಳಗೆ ಅಚ್ಚು ಬಚ್ಚಿಟ್ಟುಕೊಂಡು. "ನನ್ ಹೆಂಡ್ತಿಗೂ ಗೊತ್ತಿಲ್ಲ" ಎಂದ. ಅವನ ಬೆನ್ನಿಗೆ ಕ್ಲೆಮ್. "ಇದು ನಂದಲ್ಲ, ಒಬ್ರು ಗಿರಾಕೀದು" ಎಂದವನು, ಅಚ್ಚಿನ ಮೇಲೆ ಕೊರೆದಿದ್ದ ತನ್ನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಕೊಟ್ಟ. ಹೋಗುವಾಗ ಇಬ್ಬರೂ ಗ್ರೀಸಿನ ಡಬ್ಬಿಯನ್ನು ಮರೆಯಲಿಲ್ಲ. ಬೆಳಿಗ್ಗೆಯಿಂದ ತನ್ನ ಅಚ್ಚನ್ನು ಇವರೆಲ್ಲ ಅಷ್ಟು ಹುಮ್ಮಸ್ಸಿನಿಂದ ಹಿಂಸಿಸಿದ್ದು ಯಾಕೆಂದು ಡೆಲ್ಬರ್ಟನಿಗೆ ಆಗ ಹೊಳೆಯಿತು. ಕೋಪ ಬರಬೇಕಿತ್ತು, ನಗು ಬಂತು.

ಹೊತ್ತಿಳಿಯುವಾಗ ಬಾಗಿಲಲ್ಲಿ ಮಾವನೇ ನಿಂತಿದ್ದ. ಉರ್ಹೊ ಪೆಲ್ಕೊನೆನ್ ಟೋಪಿ ತೆಗೆಯದೆ ಕುರ್ಚಿಯಲ್ಲಿ ಕೂತ.

"ಅಚ್ಚಲ್ಲಿ ಸಿಕ್ಹಾಕಿಸ್ಕೊಂಡ್ಯಂತೆ. ಊರೆಲ್ಲಾ ನಗ್ತಿದೆ. ಪೆಲ್ಕೊನೆನ್ ಅಳಿಯ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

"ಹೌದು ಮಾವ."

"ಗ್ರೀಸು ಅಂದ್ರೆ ಏನು? ಜವಾಬ್ದಾರಿ. ಜವಾಬ್ದಾರಿ ಇರೋನು ಗ್ರೀಸು ಮರೆಯಲ್ಲ."

"ಸರಿ ಮಾವ."

ಮುದುಕ ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದ. ಪರದೆ ಎಳೆದ. ಕೋಟಿನ ಜೇಬಿನಿಂದ ತುಕ್ಕು ಹಿಡಿದ ಕಾಫಿ ಡಬ್ಬಿ ತೆಗೆದು ಹಲಗೆಯ ಮೇಲಿಟ್ಟ. ಒಳಗೆ ಎರಡು ಅಚ್ಚು, ಎರಡರಲ್ಲೂ ಕೊಳವೆ.

ಡೆಲ್ಬರ್ಟ್ ಒಂದು ಅಚ್ಚನ್ನೆತ್ತಿ ಅದರ ತುಕ್ಕು ಒರೆಸಿದ. "ಯಾವಾಗಿಂದ ಹೀಗಿದೆ ಮಾವ?"

"ಲೋರ್ನಾ ಹುಟ್ಟೋಕ್ ಮುಂಚಿಂದ" ಎಂದ ಉರ್ಹೊ, ಸೀಳಿದ ಕನ್ನಡಿಯ ಕಡೆ ಮುಖ ಮಾಡಿಕೊಂಡು. "ಎರಡ್ನೇದು, ಮೊದಲ್ನೇದನ್ನ ಮರೆಯೋಕೆ ಅಂತ ಕೊಂಡಿದ್ದು."

ಎರಡನ್ನೂ ಬಿಡಿಸುವಷ್ಟರಲ್ಲಿ ಬೀದಿಯ ದೀಪ ಹತ್ತಿತ್ತು. ಮಾವ ತನ್ನ ಪಾಲಿನ ಗ್ರೀಸನ್ನು ಕಾಫಿ ಡಬ್ಬಿಗೆ ಬಳಿದುಕೊಂಡ. ಡೆಲ್ಬರ್ಟ್ ಗ್ರೀಸಿನ ಡಬ್ಬಿಯನ್ನು ದೀಪಕ್ಕೆ ಹಿಡಿದರೆ ತಳ ಫಳಫಳ ಹೊಳೆಯಿತು.

"ಮಾವ, ನನ್ ಕೊಳವೆಗಳಿಗೆ ಗ್ರೀಸೇ ಉಳಿದಿಲ್ಲ. ನಿಮ್ ಯಾರ ತೋಟಾನೂ ನನ್ ಬಂದೂಕಿಗೆ ಹಿಡಿಯಲ್ಲ."

ಉರ್ಹೊ ಯೋಚಿಸಿದ. "ನಿಯಮ ಅಂದ್ರೆ ನಿಯಮ. ತೋಟಾ ಇಲ್ದೋನು ಬೇಟೆಗೆ ಬರೋ ಹಾಗಿಲ್ಲ." ಬಾಗಿಲ ಚಿಲಕ ತೆಗೆದವನು ಹೊರಗೆ ಹೋಗದೆ ನಿಂತ. "ಆದ್ರೆ ಒಲೆ ಉರಿಸೋಕೆ ಒಬ್ರು ಬೇಕಾಗುತ್ತೆ. ಬೆಳಿಗ್ಗೆ ಬೇಗ ತಯಾರಾಗಿರು."

ಮರುದಿನವಿಡೀ ಡೆಲ್ಬರ್ಟ್ ಹಿಮ ಗುಡಿಸಿದ, ಸೌದೆ ಒಡೆದ, ದೂರದ ಗುಡ್ಡಗಳಲ್ಲಿ ಗುಂಡಿನ ಸದ್ದು ಕೇಳಿದಾಗೆಲ್ಲ ಕೊಡಲಿ ಇಳಿಸಿ ಕಿವಿಗೊಟ್ಟ. ಒಂದು ತೋಟಾವೂ ಹುಸಿಯಾಗಲಿಲ್ಲ. ಸಂಜೆ ಕ್ಯಾಂಪಿನ ಮುಂದಿನ ಕಂಬಕ್ಕೆ ಮೂರು ಜಿಂಕೆ ತೂಗುತ್ತಿದ್ದವು.

ಒಲೆಯ ಸುತ್ತ ಊಟಕ್ಕೆ ಕೂತಾಗ ಕ್ಲೆಮ್ ಶುರು ಮಾಡಿದ, "ಗ್ರೀಸು ಹಚ್ದೆ ಕೊಳವೆ ತುರುಕಿದಾನಲ್ಲ ನಮ್ ಡೆಲ್ಬರ್ಟು, ಇಡೀ ಜಿಲ್ಲೇಲಿ ಇವ್ನೊಬ್ನೇ ಇರ್ಬೇಕು." ಆಲ್ದೊ ಹೊಟ್ಟೆ ಹಿಡಿದು ನಕ್ಕ. ಪಾದ್ರಿಗಳು, "ಪಾಪ, ಹೊಸಬ" ಎಂದು ತಲೆಯಾಡಿಸಿದರು. ಉರ್ಹೊ ಎಲ್ಲರಿಗಿಂತ ಗಟ್ಟಿಯಾಗಿ, "ಜವಾಬ್ದಾರಿ ಇಲ್ಲ, ಏನ್ ಮಾಡೋಣ" ಎಂದ.

ಡೆಲ್ಬರ್ಟ್ ಬಾಯಿ ತೆರೆದ. ನಾಲ್ವರ ನಗುವೂ ನಡುವೆಯೇ ನಿಂತಿತು. ಅವನಿಗೆ ಗುಟ್ಟು ಕೊಟ್ಟವನು ತಾನೊಬ್ಬನೇ ಎಂದುಕೊಂಡು ಪ್ರತಿಯೊಬ್ಬನೂ ಅವನ ತುಟಿಯನ್ನೇ ನೋಡಿದ.

"ಹೌದು, ನಾನೊಬ್ನೇ" ಎಂದ ಡೆಲ್ಬರ್ಟ್.

ಮತ್ತೆ ನಗು ಎದ್ದಿತು, ಈ ಸಲ ಇನ್ನೂ ಜೋರಾಗಿ. ನಗುತ್ತಲೇ ಕ್ಲೆಮ್ ಜಿಂಕೆಯ ಮೆತ್ತನೆಯ ಬೆನ್ನಿನ ತುಂಡೊಂದನ್ನು ಯಾರಿಗೂ ಕಾಣದಂತೆ ಅವನ ತಟ್ಟೆಗೆ ಜಾರಿಸಿದ. ಸ್ವಲ್ಪ ಹೊತ್ತಿಗೆ ಆಲ್ದೊ ಇನ್ನೊಂದು ಹಾಕಿದ. ಪಾದ್ರಿಗಳು ದೀರ್ಘ ಪ್ರಾರ್ಥನೆ ಹೇಳಿ, ಎಲ್ಲರೂ ಕಣ್ಣು ಮುಚ್ಚಿದ್ದಾಗ ತಮ್ಮ ಪಾಲನ್ನೇ ವರ್ಗಾಯಿಸಿದರು. ಕಣ್ಣು ತೆರೆದಾಗ ಮಾವ ಒಲೆಯ ಪಕ್ಕದ ತನ್ನ ಜಾಗ ಬಿಟ್ಟು ಸರಿದು, ಗೊಣಗುತ್ತ ಬೆಂಚು ತಟ್ಟುತ್ತಿದ್ದ.

"ಇಲ್ಲಿ ಬಾರಪ್ಪಾ, ಬೆಚ್ಚಗಿದೆ. ಮುಂದಿನ ವರ್ಷಕ್ಕೂ ಒಲೆ ನೋಡ್ಕೊಳ್ಳೋನು ನೀನೇ."