ಬಿಆರ್ ಸೊನ್ನೆ ಎಂಬ ಸೇತುವೆಯವರ ಸನ್ನಿಧಾನಕ್ಕೆ

ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಲಿನಕ್ಸ್ ಯಂತ್ರದಲ್ಲಿ ಹೊಸದಾಗಿ ಅಧಿಕಾರ ವಹಿಸಿಕೊಂಡಿರುವ, ಬಿಆರ್ ಸೊನ್ನೆ (br0) ಎಂಬ ನಾಮಾಂಕಿತದ ನೆಟ್‌ವರ್ಕ್ ಸೇತುವೆಯವರಿಗೆ, ಅದೇ ವಿಭಾಗದ ಕಂಪ್ಯೂಟರ್ ನೋಡಿಕೊಳ್ಳುವವನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೈಕೆಳಗಿನ ನೆಟ್‌ವರ್ಕ್ ಕಾರ್ಡಿನ ಹಸಿರು ದೀಪ ಮಿನುಗುತ್ತಲೇ ಇರುವುದರಿಂದ ನಂಬದೆ ವಿಧಿಯಿಲ್ಲ.

ನಮ್ಮಲ್ಲಿರುವುದು ಒಂದೇ ಯಂತ್ರ. ಅದರ ಹೊಟ್ಟೆಯೊಳಗೆ ಮೂರು ವರ್ಚುವಲ್ ಯಂತ್ರಗಳು, ಅಂದರೆ ಬರೀ ಸಾಫ್ಟ್‌ವೇರಿನಲ್ಲೇ ಬದುಕುವ ಯಂತ್ರಗಳು, ಬಿಡಾರ ಹೂಡಿವೆ. ಇಷ್ಟು ದಿನ ಅವು ಹೊರಗಿನವರೊಡನೆ ಮಾತಾಡಬೇಕಾದರೆ ಮನೆಯೊಡೆಯನಾದ ಆ ದೊಡ್ಡ ಯಂತ್ರದ ಮೂಲಕವೇ ಆಗಬೇಕಿತ್ತಾಗಿ, ರಿಪೋರ್ಟುಗಳು ಮೂರನೇ ಮಹಡಿಯ ಡಾಕ್ಟರುಗಳ ಕೋಣೆ ಸೇರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ತಾವು ಬಂದರೆ ಒಳಗಿನ ಪ್ರತಿ ಯಂತ್ರವೂ ತನ್ನದೇ ನೆಟ್‌ವರ್ಕ್ ವಿಳಾಸ ಹೊತ್ತು ನೇರವಾಗಿ ಹೊರಬೀಳಬಹುದೆಂದು ಓದಿ, ಪ್ರಯೋಗಾಲಯದ ಮುಖ್ಯಸ್ಥೆಯಾದ ನನ್ನ ಅತ್ತಿಗೆಯ ಮುಂದೆ, ಅದು ಹತ್ತು ನಿಮಿಷದ ಕೆಲಸವೆಂದು ಕೊಚ್ಚಿಕೊಂಡೆ. ನನ್ನನ್ನು ಇಲ್ಲಿ ಸೇರಿಸಿದವರೂ ಅವರೇ. ನಾನೊಮ್ಮೆ ಎಡವಿದರೆ ಸಾಕು, ಈ ಕೆಲಸ ಹೊರಗಿನ ಕಂಪನಿಗೆ ಹೋಗುವುದೆಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಅವರಿಗೆ ಮೊದಲೇ ಹೇಳಿದ್ದರು.

ಮೊನ್ನೆ ಬೆಳಿಗ್ಗೆ ಮನೆಯಲ್ಲಿ ಕುಳಿತೇ, ದೂರದಿಂದಲೇ ಯಂತ್ರದ ಸಂಪರ್ಕ ಸಾಧಿಸಿ, ನೆಟ್‌ವರ್ಕ್ ಕಾರ್ಡನ್ನು ತಮ್ಮ ವಶಕ್ಕೆ ಒಪ್ಪಿಸಿದೆ. ತಾವು ಅದನ್ನು ಎಷ್ಟು ಶ್ರದ್ಧೆಯಿಂದ ಸ್ವೀಕರಿಸಿದಿರೆಂದರೆ, ಮರುಕ್ಷಣದಿಂದ ನಾನೂ ಸೇರಿದಂತೆ ಯಾರ ಮಾತಿಗೂ ಕಿವಿಗೊಡದಾದಿರಿ. ಇಂಥ ಏಕಾಗ್ರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಂತ್ರಕ್ಕೆ ಸ್ವಂತ ಕೀಬೋರ್ಡಿಲ್ಲದ್ದರಿಂದ ಎರವಲು ತಂದದ್ದನ್ನು ಕಂಕುಳಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ನಾನು ತಲುಪುವಷ್ಟರಲ್ಲಿ, ಮಂಡಿನೋವಿನ ಅತ್ತಿಗೆ ಅರವತ್ತೆರಡು ರಿಪೋರ್ಟುಗಳನ್ನು ಕೈಯಲ್ಲೇ ಬರೆದು, ಮೂರು ಮಹಡಿಯನ್ನು ನಾಲ್ಕು ಸಲ ಹತ್ತಿ ಮುಟ್ಟಿಸಿದ್ದರು. ಅವುಗಳಲ್ಲೊಂದು, ಆಗಲೇ ಆಪರೇಷನ್ ಕೋಣೆಯ ಬಾಗಿಲಲ್ಲಿ ಮಲಗಿದ್ದ ಮುದುಕರೊಬ್ಬರದು.

ಆದಕಾರಣ, ಇನ್ನು ಮುಂದೆ ಮೌನ ತಾಳುವ ಮೊದಲು ತಾವು ಸೌಜನ್ಯಕ್ಕೆ ಒಮ್ಮೆಯಾದರೂ ಕೆಮ್ಮಬೇಕೆಂದೂ, ಬಿಡುವಾದಾಗ ಖುದ್ದಾಗಿ ಹೊರಬಂದು ಅತ್ತಿಗೆಯ ಮಂಡಿಗೆ ಬಿಸಿನೀರಿನ ಶಾಖ ಕೊಡಬೇಕೆಂದೂ ಕೋರುತ್ತೇನೆ.

ಪ್ರಯೋಗಾಲಯದಲ್ಲೊಂದು ಪದ್ಧತಿಯಿದೆ: ಪ್ರತಿ ಟ್ಯೂಬಿನ ಚೀಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು. ತಮ್ಮ ಮುಂದೆ ನಾನು ಬೆವರುತ್ತಿದ್ದಾಗ ಅತ್ತಿಗೆ ಹಿಂದೆ ನಿಂತು ನಾನು ತಮಗಾಗಿ ಬರೆದಿದ್ದ ಸೆಟ್ಟಿಂಗ್ ಫೈಲನ್ನು ಹಾಗೆಯೇ ಗಟ್ಟಿಯಾಗಿ ಓದಿಸಿದರು. “ಕಾರ್ಡ್ ಇದೆ, ಹೆಸರಿದೆ. ವಿಳಾಸ ಎಲ್ಲೋ? ಚೀಟಿ ಇಲ್ಲದ ಟ್ಯೂಬನ್ನ ನಾವು ಮುಟ್ಟೋದೇ ಇಲ್ಲ” ಎಂದರು. ಕಾರ್ಡಿನಿಂದ ಕಿತ್ತ ವಿಳಾಸವನ್ನು ತಮ್ಮ ಹೆಸರಿಗೆ ಬರೆಯಬೇಕಾಗಿದ್ದ ಆ ಒಂದು ಸಾಲು ಅಲ್ಲಿರಲಿಲ್ಲ. ಅಷ್ಟನ್ನು ತಾವೇ ಊಹಿಸಿಕೊಳ್ಳಬಾರದಿತ್ತೇ ಎಂಬುದೇ ನನ್ನ ದೂರು. ಸಾಲು ಬರೆದೆ, ತಾವು ತಕ್ಷಣ ಬಾಯಿಬಿಟ್ಟಿರಿ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಇಂತಿ, ಬರೆದದ್ದನ್ನಷ್ಟೇ ಪಾಲಿಸುವ ತಮ್ಮ ಪ್ರಾಮಾಣಿಕತೆಗೆ ತಲೆಬಾಗಿ,

ತಮ್ಮ ವಿಶ್ವಾಸಿ,
ಕಂಪ್ಯೂಟರಿನವನು
(ಬಹಿರಂಗವಾಗಿ, ಯಂತ್ರದ ಕಪಾಟಿನ ಒಳಬದಿಗೆ ಅಂಟಿಸಲಾಗಿದೆ)

ತಾ.ಕ.: ಏನಾಗಿತ್ತೆಂದು ದೊಡ್ಡ ಡಾಕ್ಟರು ಕೇಳಿದಾಗ, ಇಪ್ಪತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿ ಬರೆಯದ ಅತ್ತಿಗೆ, “ವೈರ್ ಸಡಿಲ ಆಗಿತ್ತು ಸಾರ್, ನಮ್ಮ ಹುಡುಗ ಸರಿಮಾಡಿದ್ದಾನೆ” ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಈ ದೂರನ್ನು ನನ್ನ ಹೆಸರಿಗೇ ಬರೆದುಕೊಳ್ಳುವ ಧೈರ್ಯವಾಗದೆ ತಮಗೆ ಬರೆದಿದ್ದೇನೆ. ಉತ್ತರ ಕೊಡಬೇಕಿಲ್ಲ, ಸುಮ್ಮನಿರುವುದು ತಮಗೆ ಚೆನ್ನಾಗಿ ಬರುತ್ತದೆ, ಆವತ್ತು ಅವರ ಪಕ್ಕದಲ್ಲಿ ನಿಂತು ನಾನೂ ಅದನ್ನೇ ಮಾಡಿದೆ.