ಬೆರಿಲ್ ಸಮಕ್ಕೆ ಎಷ್ಟು ಚೀಲ?

"ಇವತ್ತು ಸಂಜೆ ಚಹಾದ ಹೊತ್ತಿಗೆ ಕಾರಿನ ಹಿಂದಿನ ಸ್ಪ್ರಿಂಗ್ ಎರಡೂ ಹೊಸದು! ನಾಳೆ ನಾವಿಬ್ಬರೂ ವೆಸ್ಟನ್ ಕಡಲತೀರಕ್ಕೆ!" ಎಂದು ಡೆಸ್ಮಂಡ್ ಟೋಸ್ಟಿಗೆ ಮಾರ್ಮಲೇಡ್ ಬಳಿಯುತ್ತ ರಾಜಾಜ್ಞೆ ಹೊರಡಿಸಿದ.

ಬೆರಿಲ್ ಪದಬಂಧದಿಂದ ತಲೆ ಎತ್ತಲಿಲ್ಲ. "ನಾನು ನೋರಿನ್ ಜೊತೆ ಬಸ್ಸಲ್ಲಿ ಹೋಗ್ತೀನಿ. ಹೋದ ಸಲ ನಿನ್ನ ಕಾರಲ್ಲಿ ಬಂದು ಸೊಂಟ ಹಿಡ್ಕೊಂಡು ಓಡಾಡಿದ್ದು ಮರೆತಿಲ್ಲ."

"ಅದು ಹಳೇ ಸ್ಪ್ರಿಂಗಿನ ತಪ್ಪು ಕಣೇ!"

"ಸರಿ, ಹೊಸದು ಹಾಕು. ಮೈ ಕುಲುಕದೆ ಇದ್ರೆ ಬರ್ತೀನಿ."

ಕಾರು ಕೆಂಪು ಬಣ್ಣದ್ದು, ಮೇಲೆ ಚಾವಣಿಯಿಲ್ಲದ್ದು, ಇಬ್ಬರಿಗಷ್ಟೇ ಜಾಗವಿದ್ದದ್ದು. ವಯಸ್ಸಿನಲ್ಲಿ ಅವರ ಮದುವೆಗಿಂತ ದೊಡ್ಡದು. ಬೆರಿಲ್‌ಳನ್ನು ಮೊದಲ ಸಲ ಸುತ್ತಾಡಿಸಿದ್ದೇ ಅದರಲ್ಲಿ. ಈಗ ಹಿಂದಿನ ಬಲಗಡೆಯ ಸ್ಪ್ರಿಂಗ್ ಕುಸಿದು, ಕಾರು ಒಂದು ಭುಜ ಇಳಿಸಿಕೊಂಡು ನಿಲ್ಲುತ್ತಿತ್ತು. ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದದ್ದು ಚಹಾದ ಫ್ಲಾಸ್ಕ್ ಒಂದೇ. ಅದರ ಜೊತೆ ಎಷ್ಟು ದಿನ ಮಾತಾಡುವುದು? ನೀನಿಲ್ಲದೆ ಬೇಜಾರು ಎಂದು ಬಾಯಿಬಿಟ್ಟು ಹೇಳುವುದು ಡೆಸ್ಮಂಡನಿಗೆ ಬಾರದು. ಆ ಊರಿನ ಯಾವ ಗಂಡಸಿಗೂ ಬಾರದು. ಅವರಿಗೆ ಬರುವುದು ಸ್ಪ್ರಿಂಗ್ ಬದಲಾಯಿಸುವುದು. ಬರುತ್ತದೆ ಅಂದುಕೊಂಡಿರುತ್ತಾರೆ, ಅಷ್ಟೇ.

ಕೆಲಸವೇನೋ ಚೆನ್ನಾಗಿಯೇ ಸಾಗಿತು. ಲಾರಿಯ ಅಡಿಯಲ್ಲಿರುವಂತೆ ಪಟ್ಟಿಯ ಮೇಲೆ ಪಟ್ಟಿ ಕೂರಿಸಿದ ಸ್ಪ್ರಿಂಗ್ ಅದು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಚಹಾ ಕುಡಿದ, ಮತ್ತೆ ಬಡಿದ. ಊಟದ ಹೊತ್ತಿಗೆ ಹಳೆಯದು ಹೊರಗೆ, ಹೊಸದು ಒಳಗೆ! ಬೀಗುತ್ತ ಹಳೇ ಕಾರುಗಳ ಸಂಘದ ಹಿರಿಯ ಕ್ಲೈವ್‌ಗೆ ಫೋನ್ ಮಾಡಿದ.

"ಬೋಲ್ಟು ಪೂರ್ತಿ ಬಿಗಿದುಬಿಟ್ಯಾ?" ಕ್ಲೈವ್ ಗಾಬರಿಯಾದ. "ಬೇಡ ಮಾರಾಯ! ಮೊದಲು ಗಾಲಿ ಮೇಲೆ ನಿಲ್ಲಿಸು. ಎರಡು ಸೀಟಿಗೂ ಭಾರ ಹಾಕಿ ಆಮೇಲೆ ಬಿಗಿ. ಇಲ್ದಿದ್ರೆ ಒಳಗಿನ ರಬ್ಬರ್ ತಿರುಚ್ಕೊಂಡು ಹರಿದು ಹೋಗುತ್ತೆ. ಆಮೇಲೆ ಬೆರಿಲ್ ಸೊಂಟಕ್ಕೆ ನೀನೇ ಉತ್ತರ ಹೇಳ್ಬೇಕು."

ಡೆಸ್ಮಂಡ್ ಬಿಗಿದಿದ್ದ ಬೋಲ್ಟುಗಳನ್ನು ಮತ್ತೆ ಸಡಿಲಿಸಿ, ಅಡಿಗೆ ನುಸುಳಲು ಜಾಗವಿರುವಂತೆ ಗಾಲಿಗಳನ್ನು ದಪ್ಪ ದಿಮ್ಮಿಗಳ ಮೇಲೆ ನಿಲ್ಲಿಸಿ, ಅಡುಗೆಮನೆಯ ಕಿಟಕಿಗೆ ಬಾಯಿ ಇಟ್ಟ. "ಬೆರಿಲ್, ಕಾರಲ್ಲಿ ಸ್ವಲ್ಪ ಹೊತ್ತು ಬಂದು ಕೂತ್ಕೋತೀಯಾ?"

ಹೀಗೆ ಕರೆದು ಎಷ್ಟು ಕಾಲವಾಗಿತ್ತೋ! ಬೆರಿಲ್ ತುಟಿಗೆ ಬಣ್ಣ ಹಚ್ಚಿ, ತಲೆಗೆ ಹೂವಿನ ಚಿತ್ತಾರದ ಕೆಂಪು ಸ್ಕಾರ್ಫ್ ಕಟ್ಟಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ನಾಚುತ್ತ ಕೂತಳು. ಬಲಗಡೆಗೆ ಗಂಡ ಬರಲಿಲ್ಲ. ತೋಟದ ಗೊಬ್ಬರದ ಚೀಲ ಬಂತು.

"ಏನಿದು?"

"ನನ್ನ ಬದಲು. ನಾನು ಕೆಳಗೆ ಮಲಗಿ ಬೋಲ್ಟು ಬಿಗೀಬೇಕಲ್ಲ."

"ಅಂದ್ರೆ ನನ್ನನ್ನ ಕರೆದಿದ್ದು ಭಾರಕ್ಕಾ?"

ಇಂಥ ಪ್ರಶ್ನೆಗೆ ಸಂಸಾರಸ್ಥರು ಹೇಳುವ ಉತ್ತರವೇ ಬೇರೆ. ಡೆಸ್ಮಂಡ್ ನಿಜ ಹೇಳಿಬಿಟ್ಟ.

"ಹೌದು! ಎರಡೂ ಕಡೆ ಸಮ ಇರ್ಬೇಕು!"

ಸಮ ಇರಬೇಕೆಂದು ಕ್ಲೈವ್ ಹೇಳಿರಲೇ ಇಲ್ಲ. ಅದು ಡೆಸ್ಮಂಡನ ಸ್ವಂತ ಸಂಶೋಧನೆ. ಹಿಂದಿನ ಬಂಪರಿನ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿದ. ಬೆರಿಲ್ ಕಡೆಯೇ ತಗ್ಗು. ಇನ್ನೊಂದು ಚೀಲ ತಂದ. ಆಗಲೂ ತಗ್ಗು. ಮತ್ತೊಂದು ಬಂತು. ಬೆರಿಲ್ ಮುಖ ಅವಳ ಸ್ಕಾರ್ಫಿಗಿಂತ ಕೆಂಪಾಗುತ್ತಿದ್ದದ್ದು ರಸಮಟ್ಟದಲ್ಲಿ ಕಾಣುವುದಿಲ್ಲವಲ್ಲ! ದೇವಸ್ಥಾನದಲ್ಲಿ ತುಲಾಭಾರಕ್ಕೆ ಬೆಲ್ಲ ಇಡುತ್ತಾರೆ, ಸಕ್ಕರೆ ಇಡುತ್ತಾರೆ. ಈ ಪುಣ್ಯಾತ್ಮ ಹೆಂಡತಿಯನ್ನು ಗೊಬ್ಬರಕ್ಕೆ ತೂಗುತ್ತಿದ್ದ.

ಬೇಲಿಯ ಮೇಲಿಂದ ಪಕ್ಕದ ಮನೆಯ ನೋರಿನ್ ಇಣುಕಿದಳು. "ಏನ್ರೀ ಡೆಸ್ಮಂಡ್, ಕಾರಲ್ಲಿ ಆಲೂಗಡ್ಡೆ ನೆಡ್ತಾ ಇದೀರಾ?"

"ಇಲ್ಲಾರೀ, ಬೆರಿಲ್ ಸಮಕ್ಕೆ ಹಾಕ್ತಾ ಇದೀನಿ. ನಮ್ಮನೇದೆಲ್ಲ ಮುಗೀತು, ಸಾಲ್ತಾ ಇಲ್ಲ. ನಿಮ್ಮಲ್ಲೊಂದು ಚೀಲ ಇದೆಯಾ?"

ಬೀದಿಯಲ್ಲಿ ನಾಯಿಯನ್ನು ಅಡ್ಡಾಡಿಸುತ್ತಿದ್ದವರು ನಿಂತರು. ನಾಯಿಯೂ ನಿಂತಿತು.

ಬೆರಿಲ್ ಕೂಗಾಡಲಿಲ್ಲ. ಮೆಲ್ಲನೆ ಇಳಿದು, ಬಾಗಿಲು ಹಾಕಿ, ತಣ್ಣಗೆ ಕೇಳಿದಳು. "ನಾಳೆ ಈ ಬಲಗಡೆ ಸೀಟಲ್ಲಿ ಕೂರೋದು ಗೊಬ್ಬರನೋ ನೀನೋ?"

"ನಾ... ನಾನೇ."

"ಹಾಗಾದ್ರೆ ಕೂತ್ಕೋ. ಸ್ಪಾನರ್ ಇಲ್ಲಿ ಕೊಡು. ನೋರಿನ್, ಬಾರಮ್ಮ ಈ ಕಡೆ. ಚೀಲ ಎಲ್ಲ ನನ್ನ ಸೀಟಿಗೆ ಹಾಕು, ರಸಮಟ್ಟ ನೋಡು!"

ಡೆಸ್ಮಂಡ್ ಕೂತ. ಹೊಸ ಸ್ಪ್ರಿಂಗ್ ನರಳಿತು. ಬೆರಿಲ್ ಹಳೇ ಕಂಬಳಿ ಹಾಸಿ ಕಾರಿನಡಿಗೆ ಸರಿದಳು.

"ಆಯ್ತೇನೇ?" ಕೆಳಗಿಂದ ಕೇಳಿದಳು.

"ಇಲ್ಲ, ಇವರ ಕಡೆನೇ ತಗ್ಗು!"

"ನಿಮ್ಮನೆ ಚೀಲನೂ ತಾ."

"ತಂದು ಹಾಕಾಯ್ತು. ಇನ್ನೂ ತಗ್ಗೇ!"

"ಹಾಗಾದ್ರೆ ನೀನೇ ಹತ್ತು!"

ನೋರಿನ್ ಏನೂ ಕಡ್ಡಿಯಂಥವಳಲ್ಲ. ಚೀಲಗಳ ಮೇಲೆ ಹತ್ತಿ, ಸಿಂಹಾಸನವೇರಿದ ರಾಣಿಯ ಹಾಗೆ ಕೂತು, ಹಿಂದಕ್ಕೆ ಬಾಗಿ, ಕತ್ತು ಚಾಚಿ ರಸಮಟ್ಟ ನೋಡಿದಳು. "ಈಗ ಸಮ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು. ನಾಯಿಯವರು ಚಪ್ಪಾಳೆ ತಟ್ಟಿದರು. ಬಲಗಡೆಯ ಸ್ಪ್ರಿಂಗ್ ಏಕೆ ಕುಸಿದಿತ್ತೆಂದು ಆಮೇಲೆ ಯಾರೂ ಡೆಸ್ಮಂಡನನ್ನು ಕೇಳಲಿಲ್ಲ. ಬೆರಿಲ್ ಕಾರಿನಡಿಯಲ್ಲಿ ಮಲಗಿ ಒಂದೊಂದೇ ಬೋಲ್ಟನ್ನು ಬಿಗಿದು, ತುಟಿಯ ಬಣ್ಣ ಕೆಡದಂತೆ ಹೊರಗೆ ಬಂದಳು.

ಆ ರಾತ್ರಿ ಊಟಕ್ಕೆ ಮೀನೂ ಚಿಪ್ಸೂ ಇತ್ತು, ಮಾತಿರಲಿಲ್ಲ. ನಾಳೆ ಇವಳು ಬಸ್ಸಿಗೇ ಹೋಗುತ್ತಾಳೆಂದು ಡೆಸ್ಮಂಡ್ ಖಾತ್ರಿಮಾಡಿಕೊಂಡು, ಮನಸ್ಸು ಕೆಡಿಸಿಕೊಂಡು ಮಲಗಿದ.

ಭಾನುವಾರ ಬೆಳಿಗ್ಗೆ ನೋಡಿದರೆ ಬೆರಿಲ್ ಸ್ಯಾಂಡ್‌ವಿಚ್ ಬುಟ್ಟಿ ಹಿಡಿದು ಸಿದ್ಧಳಾಗಿ ನಿಂತಿದ್ದಾಳೆ! ಡೆಸ್ಮಂಡನ ಎದೆ ಹಿಗ್ಗಿತು. ಓಡಿಹೋಗಿ ಎಡಗಡೆಯ ಸೀಟಿನ ಮೇಲಿನ ಗೊಬ್ಬರದ ಪುಡಿಯನ್ನು ತನ್ನ ಕರವಸ್ತ್ರದಿಂದ ಒರೆಸಿ, ಬಾಗಿಲು ತೆಗೆದು, ಸೊಂಟ ಬಗ್ಗಿಸಿ ನಿಂತ.

ಬೆರಿಲ್ ಅವನನ್ನು ದಾಟಿ, ಕಾರನ್ನು ಸುತ್ತಿಕೊಂಡು ಬಲಗಡೆಗೆ ಹೋಗಿ ಕೂತಳು. ಕೈ ಚಾಚಿ "ಕೀಲಿ" ಎಂದಳು.

"ಅದು ನನ್ನ ಸೀಟು ಕಣೇ!"

"ಬೋಲ್ಟು ಬಿಗಿದೋರು ಓಡಿಸ್ತಾರೆ," ಎಂದಳು ಬೆರಿಲ್ ಸ್ಕಾರ್ಫ್ ಗಂಟು ಹಾಕಿಕೊಳ್ಳುತ್ತ. "ಭಾರಕ್ಕೆ ಬೇಕಾದೋರು ಆ ಕಡೆ ಕೂರ್ತಾರೆ."

ಡೆಸ್ಮಂಡ್ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅಂತೂ ಪಕ್ಕದ ಸೀಟು ತುಂಬಿತ್ತು.